ಎರಡನೇ ಸ್ಲಾಟು

ರಿಪ್ಪನ್‌ಪೇಟೆ ಕಡೆ ತಾರಸಿ ಮನೆ ಕಟ್ಟಿಸಿದವರು ಕಂಬದ ಸರಳನ್ನು ಬುಡಕ್ಕೆ ಕತ್ತರಿಸುವುದಿಲ್ಲ. ಮೊಳವೋ ಎರಡು ಮೊಳವೋ ಆಕಾಶಕ್ಕೆ ಬಿಟ್ಟಿರುತ್ತಾರೆ. ಯಾಕೆಂದು ಕೇಳಿದರೆ ‘ಮುಂದೆ ಮೇಲೊಂದು ಅಂತಸ್ತು ಎಬ್ಬಿಸಬಹುದಲ್ಲ’ ಎನ್ನುತ್ತಾರೆ. ಮಕ್ಕಳು ಬೆಂಗಳೂರಿಗೆ ಹೋಗಿ, ಸಾಲ ಮಾಡಿ ಅಲ್ಲೇ ಫ್ಲ್ಯಾಟು ಕೊಂಡು, ಹಬ್ಬಕ್ಕೆ ಬಂದು ಹೋಗುವ ನೆಂಟರಾದ ಮೇಲೂ ಸರಳು ಹಾಗೇ ಇರುತ್ತದೆ. ತಾರಸಿ ಸೋರುತ್ತದೆಂದು ಮೇಲೆ ಶೀಟು ಹೊದಿಸುವಾಗ ಶೀಟಿಗೆ ತೂತು ಮಾಡಿಸುತ್ತಾರೆಯೇ ಹೊರತು ಸರಳಿಗೆ ಗರಗಸ ಹಾಕಿಸುವುದಿಲ್ಲ. ನನ್ನ ಹಳೇ ಕಂಪ್ಯೂಟರಿನ ಎರಡನೇ ಗ್ರಾಫಿಕ್ಸ್ ಸ್ಲಾಟು ಅಂಥದೇ ಒಂದು ಸರಳು.

ನನ್ನದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. 2010ರಲ್ಲಿ ಆ ಯಂತ್ರ ಕೊಂಡದ್ದು ಮದುವೆ ಕಾಗದ, ಗೃಹಪ್ರವೇಶದ ಕಾಗದ, ಜಾತ್ರೆಯ ಕರಪತ್ರಗಳ ಹೆಸರಿನಲ್ಲಿ. ನುಡಿ, ಪೇಜ್‌ಮೇಕರ್ ಓಡಿಸಲು ಅದರ ಕಾಲು ಭಾಗದ ಯಂತ್ರ ಸಾಕಿತ್ತು. ನಾನು ತರಿಸಿದ್ದು ಕೋರ್ ಐ5-750 ಪ್ರೊಸೆಸರು, ಪಿ55 ಚಿಪ್‌ಸೆಟ್ಟಿನ ಮದರ್‌ಬೋರ್ಡು, ಹತ್ತು ಸಾವಿರದ ಆಸುಪಾಸಿನ ರೇಡಿಯಾನ್ ಎಚ್‌ಡಿ 5770 ಕಾರ್ಡು. ರಾತ್ರಿ ಶಟರ್ ಎಳೆದ ಮೇಲೆ ಕ್ರೈಸಿಸ್ ಆಡಬೇಕಿತ್ತು, ಇದ್ದ ಕಾರಣ ಅದೊಂದೇ. 2007ರಲ್ಲಿ ಬಂದ ಆ ಆಟ ಆಗಿನ ಒಳ್ಳೊಳ್ಳೆಯ ಕಾರ್ಡುಗಳನ್ನೂ ಏದುಸಿರು ಬಿಡಿಸುತ್ತಿತ್ತು. ಅಪ್ಪಯ್ಯನ ಹತ್ತಿರ ಮಾತ್ರ, ‘ಈ ಕಾರ್ಡಿಲ್ಲದೆ ಕಾಗದದ ಮೇಲೆ ಗಣಪತಿ ಚಿತ್ರ ಸ್ಪಷ್ಟ ಬರೂದಿಲ್ಲ’ ಎಂದಿದ್ದೆ. ಮೊದಲ ಕಾಗದ ಅಚ್ಚಾಗಿ ಬಂದಾಗ ಅವರು ಕನ್ನಡಕ ಏರಿಸಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ, ‘ಗಣಪತಿ ಮೊದ್ಲಿನ ಹಾಗೇ ಇದಾನಲ್ಲನಾ’ ಎಂದರು. ಮುಂದೆ ಆ ವಿಷಯ ಬೆಳೆಸಲಿಲ್ಲ.

ಪೆಟ್ಟಿಗೆಯಲ್ಲಿ ಕಾರ್ಡಿನ ಜೊತೆಗೆ ಒಂದು ಪುಟ್ಟ ಪಟ್ಟಿಯೂ ಬಂದಿತ್ತು. ಎರಡು ಬೆರಳಗಲ, ಬಳುಕುವಂಥದ್ದು, ಎರಡು ತುದಿಗೂ ಕಪ್ಪು ಕನೆಕ್ಟರು. ಎರಡು ಕಾರ್ಡುಗಳ ನೆತ್ತಿಗೆ ಸಿಕ್ಕಿಸಿದರೆ ಅವು ಪರಸ್ಪರ ಮಾತಾಡಿಕೊಂಡು ಒಂದೇ ಪರದೆಯ ಚಿತ್ರವನ್ನು ಹಂಚಿಕೊಂಡು ಬಿಡಿಸುತ್ತವೆ. ಇದಕ್ಕೆ ಕ್ರಾಸ್‌ಫೈರ್ ಎಂದು ಹೆಸರು. ಒಂದು ಕಾರ್ಡು ಕೊಂಡವನ ಕೈಗೆ ಎರಡನ್ನು ಜೋಡಿಸುವ ಪಟ್ಟಿ ಕೊಟ್ಟು ಕಳಿಸಿದವರ ವ್ಯಾಪಾರ ಬುದ್ಧಿಗೆ ಕೈ ಮುಗಿಯಬೇಕು. ಆ ಪಟ್ಟಿ ಇವತ್ತಿಗೂ ನನ್ನ ಅಂಗಡಿಯ ಡ್ರಾಯರಿನಲ್ಲಿ ಸ್ಟ್ಯಾಂಪ್ ಪ್ಯಾಡು, ರಬ್ಬರ್ ಬ್ಯಾಂಡುಗಳ ನಡುವೆ ಇದೆ. ಚಿಲ್ಲರೆ ಹುಡುಕುವಾಗೆಲ್ಲ ಕೈಗೆ ತಾಗುತ್ತದೆ.

ಜೋಡಿ ಕಾರ್ಡಿನ ಹುಚ್ಚು ಹಳೆಯದು. 1998ರಲ್ಲಿ ತ್ರೀಡಿಎಫ್‌ಎಕ್ಸ್ ಎಂಬ ಕಂಪನಿ ವೂಡೂ2 ಕಾರ್ಡು ತಂದಾಗಲೇ ಎರಡನ್ನು ಜೊತೆಗೂಡಿಸುವ ಎಸ್‌ಎಲ್‌ಐ ಎಂಬ ಉಪಾಯ ಇತ್ತು. ಪರದೆಯ ಒಂದು ಅಡ್ಡಗೆರೆ ಇದರದ್ದು, ಮುಂದಿನ ಗೆರೆ ಅದರದ್ದು. ಆ ಕಂಪನಿ ಮುಳುಗಿತು, ಅದರ ಆಸ್ತಿ ಎನ್‌ವಿಡಿಯಾ ಪಾಲಾಯಿತು. 2004ರಲ್ಲಿ ಎನ್‌ವಿಡಿಯಾ ಅದೇ ಎಸ್‌ಎಲ್‌ಐ ಅಕ್ಷರಗಳಿಗೆ ಬೇರೆ ವಿಸ್ತಾರ ಕೊಟ್ಟು ಮತ್ತೆ ಬಿಟ್ಟಿತು. ಮರುವರ್ಷ ಎಟಿಐ ಕ್ರಾಸ್‌ಫೈರ್ ತಂದಿತು. ನಮ್ಮಂಥ ಊರುಗಳಲ್ಲಿ ಕುಳಿತವರು ಇದನ್ನೆಲ್ಲ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಹಳೇ ಕಂಪ್ಯೂಟರ್ ಪತ್ರಿಕೆಗಳಲ್ಲಿ ಓದಿ ನಿಟ್ಟುಸಿರು ಬಿಡುತ್ತಿದ್ದೆವು. ಗಾಜಿನ ಬದಿಯ ಪೆಟ್ಟಿಗೆ, ಒಳಗೆ ನೀಲಿ ಬೆಳಕು, ಒಂದರ ಕೆಳಗೊಂದು ಎರಡು ದಪ್ಪ ಕಾರ್ಡು. ನನಗೆ ಆ ಚಿತ್ರ ನೋಡಿದರೆ ಸಾಕಿತ್ತು, ಆಟವೇ ಬೇಡ ಅನ್ನಿಸುತ್ತಿತ್ತು.

ಲೆಕ್ಕಾಚಾರ ಆಗ ನಿಜವಾಗಿ ಚೆನ್ನಾಗಿಯೇ ಇತ್ತು. ಕೈಲಿ ದುಡ್ಡಿಲ್ಲದಾಗ ಈಗೊಂದು ಕೊಳ್ಳುವುದು, ಅಡಿಕೆ ಮಂಡಿಯಿಂದ ಹಣ ಬಂದಮೇಲೆ ಇನ್ನೊಂದು ಕೊಳ್ಳುವುದು. ಎರಡು 5770 ಸೇರಿದರೆ ಅದೇ ಸರಣಿಯ ಯಜಮಾನ 5870ರ ಹೆಗಲಿಗೆ ಹೆಗಲು ಕೊಡುತ್ತಿದ್ದವು. ಕಂತಿನಲ್ಲಿ ಯಜಮಾನನಾಗುವ ಈ ದಾರಿ ಮಲೆನಾಡಿನವರಿಗೆ ಬಹಳ ಹಿಡಿಸುವಂಥದ್ದು. ಆದರೆ ಒಂದು ವರ್ಷ ಅಡಿಕೆಗೆ ಕೊಳೆ ರೋಗ ಬಂತು, ಮೈಲುತುತ್ತ ಸುಣ್ಣಕ್ಕೇ ದುಡ್ಡು ಹೋಯಿತು. ಇನ್ನೊಂದು ವರ್ಷ ತಂಗಿಯ ಮದುವೆ. ಮತ್ತೊಂದು ವರ್ಷ ಸ್ವತಃ ನನ್ನದೇ. ಹೆಂಡತಿ ಮನೆಗೆ ಬಂದ ಹೊಸತರಲ್ಲಿ, ‘ನಂಗೆ ಇನ್ನೊಂದು ಬೇಕು ಅಂತ ಆಸೆ ಇದೆ’ ಎಂದು ಪೂರ್ವಾಪರ ಹೇಳದೆ ಬಾಯಿ ಬಿಟ್ಟು, ಅದು ಗ್ರಾಫಿಕ್ಸ್ ಕಾರ್ಡು ಎಂದು ತಿಳಿಸಿ ಹೇಳುವಷ್ಟರಲ್ಲಿ ಬೆವರಿದ್ದೆ.

ಈಗ ಅಕ್ಕನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದವನು ಆ ಪೆಟ್ಟಿಗೆಯ ಬದಿ ಬಿಚ್ಚಿದ. ಒಳಗೆ ಜೇಡನ ಬಲೆ, ಇರುವೆ ಮೊಟ್ಟೆ, ಹಿಂದಿನ ಮಳೆಗಾಲದ ಬೂಷ್ಟಿನ ವಾಸನೆ. ರ‍್ಯಾಮಿನ ಚಿನ್ನದ ಬಣ್ಣದ ಅಂಚು ಕಪ್ಪಾಗಿತ್ತು. ಶಾಲೆ ಮಕ್ಕಳ ರಬ್ಬರಿನಲ್ಲಿ ಉಜ್ಜಿ ಕೂರಿಸಿದ ಕೂಡಲೇ ಪರದೆ ಬೆಳಗಿತು. ನಮ್ಮ ಕಡೆ ಕಂಪ್ಯೂಟರು ರಿಪೇರಿ ಎಂದರೆ ಅರ್ಧಕ್ಕರ್ಧ ಇದೇ ವೈದ್ಯ.

‘ಮಾವ, ಎರಡನೇ ಸ್ಲಾಟು ಖಾಲಿ ಇದೆ. ಎಸ್.ಪಿ. ರೋಡಿನಲ್ಲಿ ಹಳೇ ಕಾರ್ಡು ಕಡಿಮೆಗೆ ಸಿಗ್ತದೆ. ತರ್ಲಾ?’ ಎಂದ.

ಇಷ್ಟು ವರ್ಷ ಯಾರಾದರೂ ಹೀಗೆ ಕೇಳಲಿ ಎಂದು ಕಾದಿದ್ದೆ. ಕೇಳಿದ ಮೇಲೆ ಗಂಭೀರನಾಗಿ, ‘ಯಾವುದು ತರೂದು ಅಂತ ಮೊದ್ಲು ನೋಡಾಣ’ ಎಂದೆ.

ನೋಡುತ್ತ ಹೋದರೆ ಆಯ್ಕೆ ಎನ್ನುವುದು ಬಹಳ ಇರಲಿಲ್ಲ. ಎನ್‌ವಿಡಿಯಾದ ಜೋಡಿ ಹಾಕೋಣ, ಜಿಟಿಎಕ್ಸ್ 460 ಎರಡು ಎಂದ ಅವನು. 2010ರ ಆ ಕಾರ್ಡಿಗೆ ಒಳ್ಳೆ ಹೆಸರಿತ್ತು. ಆದರೆ ಎಸ್‌ಎಲ್‌ಐ ಓಡಬೇಕಾದರೆ ಬೋರ್ಡು ತಯಾರಿಸಿದವರು ಎನ್‌ವಿಡಿಯಾದಿಂದ ಪರವಾನಗಿ ಪಡೆದಿರಬೇಕು. ನನ್ನದು ಆ ಭಾಗ್ಯ ಇಲ್ಲದ ಬೋರ್ಡು. ಸ್ಲಾಟಿಗೆ ಕಾರ್ಡು ಸಲೀಸಾಗಿ ಇಳಿಯುತ್ತದೆ, ಜೋಡಿಯಾಗಿ ದುಡಿಯುವುದಿಲ್ಲ. ಹಾಗಾಗಿ ರೇಡಿಯಾನೇ ಗತಿ, ಅದರಲ್ಲೂ ಇರುವ 5770ಗೆ ಇನ್ನೊಂದು 5770. ಇನ್ನು ಬೋರ್ಡಿನ ಒಳಗುಟ್ಟು: ಪಿ55ನಲ್ಲಿ ಒಂದೇ ಕಾರ್ಡಿದ್ದರೆ ಅದಕ್ಕೆ 16 ಲೇನು, ಅಂದರೆ ಮಾಹಿತಿ ಓಡಾಡುವ ದಾರಿ, ಪೂರಾ ಸಿಗುತ್ತದೆ. ಎರಡು ಹಾಕಿದರೆ ಒಳ್ಳೆ ಬೋರ್ಡುಗಳಲ್ಲಿ ಎಂಟೆಂಟು ಹಂಚಿಕೆ. ಅಗ್ಗದವುಗಳಲ್ಲಿ ಎರಡನೇ ಸ್ಲಾಟಿನ ಉದ್ದ ಮಾತ್ರ 16ರದ್ದು, ಒಳಗಿರುವುದು 4. ಟಾರ್ಚು ಬಿಟ್ಟು ಇಣುಕಿದ ಅಳಿಯ ‘ಎಂಟು ಇದೆ ಮಾವ’ ಎಂದಾಗ, ಜಾತಕ ಕೂಡಿ ಬಂದಷ್ಟು ಸಮಾಧಾನವಾಯಿತು.

ಸಮಾಧಾನ ಕರೆಂಟಿನ ಲೆಕ್ಕದವರೆಗೆ ಮಾತ್ರ. ಒಂದು 5770 ಪೂರ್ತಿ ದುಡಿದರೆ 108 ವ್ಯಾಟು, ಎರಡಕ್ಕೆ 216. ಪ್ರೊಸೆಸರಿಗೆ 95. ಬೋರ್ಡು, ಡಿಸ್ಕು, ಫ್ಯಾನು, ಮಾನಿಟರು ಸೇರಿ ಇನ್ನೊಂದು ಎಂಬತ್ತು ಹಿಡಿಯಿರಿ. ಹತ್ತಿರ ಹತ್ತಿರ 390 ಆಯಿತು. ನನ್ನ ಯುಪಿಎಸ್ ಮೇಲೆ 600 ವಿಎ ಎಂದು ದೊಡ್ಡ ಅಕ್ಷರದಲ್ಲಿದೆ, ಪಕ್ಕದಲ್ಲೇ ಸಣ್ಣಕ್ಷರದಲ್ಲಿ 360 ವ್ಯಾಟ್ ಎಂದೂ ಇದೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಮೇಲೆ 450 ಎಂದಿದೆ, ಆದರೆ ಅದನ್ನು ಎತ್ತಿ ನೋಡಿದರೆ ಹಗುರ. ಹಗುರ ಎಸ್‌ಎಂಪಿಎಸ್‌ನ ಮಾತನ್ನು ಯಾವತ್ತೂ ನಂಬಬಾರದು. ಕಾರ್ಡಿಗೆ ಕೊಡುವ ಆರು ಪಿನ್ನಿನ ವೈರು ಅದರಲ್ಲಿ ಇರುವುದೇ ಒಂದು. ಸಂಜೆ ಏಳಕ್ಕೆ ನಮ್ಮ ಬೀದಿಯಲ್ಲಿ ಎಲ್ಲರ ಮಿಕ್ಸಿ, ಪಂಪು, ಟಿವಿ ಶುರುವಾಗಿ ವೋಲ್ಟೇಜು ಇಳಿಯುತ್ತದೆ. ಸ್ಟೆಬಿಲೈಸರು ಟಕ್ ಟಕ್ ಎಂದು ಗೇರು ಬದಲಿಸುತ್ತದೆ. ಆ ಹೊತ್ತಿಗೆ ಎರಡು ಕಾರ್ಡು ಒಟ್ಟಿಗೆ ಎದ್ದರೆ ಯುಪಿಎಸ್ ಕಿರುಚಿಕೊಂಡೇ ಪ್ರಾಣ ಬಿಡುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗಂತೂ ಆ ಪ್ರಶ್ನೆಯೂ ಇಲ್ಲ. ಎಲ್ಲೋ ಅರಸಾಳು ಕಾಡಿನಲ್ಲಿ ಒಂದು ಕೊಂಬೆ ತಂತಿ ಮೇಲೆ ಒರಗಿದರೆ ಸಾಕು, ಇಲ್ಲಿ ಕತ್ತಲೆ. ಲೈನ್‌ಮನ್ನು ಕೊಡೆ, ಕತ್ತಿ ಹಿಡಿದು ಹುಡುಕಿಕೊಂಡು ಹೋಗಬೇಕು, ಪಾಪ. ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು. ಪಡುವಣದಲ್ಲಿ ಮೋಡ ಕಪ್ಪಾದ ಕೂಡಲೇ ಅಪ್ಪಯ್ಯ ಜಗಲಿಯಿಂದ ‘ಪ್ಲಗ್ ತೆಗಿ, ಫೋನಿನ ವೈರೂ ತೆಗಿ’ ಎಂದು ಕೂಗುತ್ತಿದ್ದರು. ಎದುರಾಳಿಯನ್ನು ಇನ್ನೇನು ಹೊಡೆದುರುಳಿಸುತ್ತೇನೆ ಎನ್ನುವಾಗಲೇ ಈ ಕೂಗು ಕೇಳುತ್ತಿತ್ತು. ಇದರ ನಡುವೆ ಒಂದು ಲೆಕ್ಕ ಹಾಕಿ ನೋಡಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಗದ್ದೆ ತೋಟ ಅದರಡಿ ಹೋದವು. ಅದರ ಕೆಳಗಿನ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಅಂದರೆ ನನ್ನ ಕನಸಿನಂಥ ಕಾರ್ಡು ಜೋಡಿಗಳನ್ನು 47 ಲಕ್ಷದ ಮೇಲೆ ಅದೊಂದೇ ನಡೆಸಬಲ್ಲದು. ಆ 47 ಲಕ್ಷದಲ್ಲಿ ಒಂದು ಜೋಡಿಗೆ, ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ, ಮುಳುಗಡೆ ತಾಲೂಕಿನವನೊಬ್ಬ ಆಸೆಪಟ್ಟರೆ ಅದು ದುರಾಸೆಯೇನಲ್ಲ.

ಇಷ್ಟಾಗಿಯೂ ಜೋಡಿ ಕೂಡಿತೆನ್ನಿ. ಸುಖ ಇತ್ತೇ? ಬಲ್ಲವರು ಹೇಳುವ ಕಥೆ ಬೇರೆ. ಒಂದೊಂದರಲ್ಲಿ 1 ಜಿಬಿ ನೆನಪಿದ್ದರೆ ಎರಡು ಸೇರಿದರೂ ಅದು 1 ಜಿಬಿಯೇ, ಏಕೆಂದರೆ ಒಂದರಲ್ಲಿ ಇರುವ ಸಾಮಾನೆಲ್ಲ ಇನ್ನೊಂದರಲ್ಲೂ ಇರಲೇಬೇಕು. ಕೆಲಸ ಹಂಚಿಕೊಳ್ಳುವುದು ಸರದಿಯಲ್ಲಿ, ಈ ಫ್ರೇಮು ನಿನ್ನದು, ಮುಂದಿನದು ನನ್ನದು. ಸರದಿ ಎಂದಮೇಲೆ ತಾಳ ತಪ್ಪುತ್ತದೆ. ಒಂದು ಫ್ರೇಮು 5 ಮಿಲಿಸೆಕೆಂಡಿಗೆ ಬಂದು, ಮುಂದಿನದು 28ಕ್ಕೆ ಬಂದರೂ ಸರಾಸರಿ ಸೆಕೆಂಡಿಗೆ 60 ಎಂದೇ ಪರದೆ ಮೂಲೆಯ ಅಂಕಿ ತೋರಿಸುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಕುಂಟು. ಇದಕ್ಕೆ ಮೈಕ್ರೋ ಸ್ಟಟರ್ ಎನ್ನುತ್ತಾರೆ. ಮೇಲಾಗಿ ಪ್ರತಿ ಆಟಕ್ಕೂ ಬೇರೆ ಪ್ರೊಫೈಲು ಬೇಕು, ಅದನ್ನು ಕಂಪನಿಯವರು ಬರೆದು ಕೊಡಬೇಕು. ಎಟಿಐಯನ್ನು ಕೊಂಡಿದ್ದ ಎಎಮ್‌ಡಿ 2015ರ ಕೊನೆಗೆ ಈ 5000 ಸರಣಿಯನ್ನೇ ಪಿಂಚಣಿಗೆ ಕಳಿಸಿತು. ಎನ್‌ವಿಡಿಯಾ 2021ರ ಜನವರಿಯಿಂದ ಹಳೇ ಕಾರ್ಡುಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲು ಕೊಡುವುದು ನಿಲ್ಲಿಸಿತು. ನನ್ನ ಸರಳು ಹಾಗೇ ನಿಂತಿತ್ತು, ಅಂತಸ್ತು ಕಟ್ಟುವ ಗಾರೆಯವರೇ ಊರು ಬಿಟ್ಟಿದ್ದರು.

ಹಾಗೆಂದು ಆ ಒಂಟಿ ಕಾರ್ಡು ನಮ್ಮ ಮನೆಗೆ ಉಪಕಾರ ಮಾಡಿಲ್ಲ ಎನ್ನುವಂತಿಲ್ಲ. ಅದರ ಫ್ಯಾನು ಬಿಸಿಗಾಳಿಯನ್ನು ಪೆಟ್ಟಿಗೆಯ ಹಿಂದಕ್ಕೆ ಊದುತ್ತದೆ. ಆಷಾಢದಲ್ಲಿ ಬಚ್ಚಲೊಲೆ ಮೇಲೆ ಬಟ್ಟೆ ಹರವಲು ಜಾಗವಿಲ್ಲದಾಗ ಹೆಂಡತಿ ಮಗಳ ಶಾಲೆಯ ಕಾಲುಚೀಲವನ್ನು ಅಲ್ಲಿ ನೇತು ಹಾಕುತ್ತಿದ್ದಳು. ‘ಸ್ವಲ್ಪ ಆಟ ಆಡಿ, ಒಣಗ್ಲಿ’ ಎಂದು ಮದುವೆಯಾದ ಮೇಲೆ ಮೊದಲ ಸಲ ನನ್ನ ಆಟಕ್ಕೆ ಪ್ರೋತ್ಸಾಹ ಸಿಕ್ಕಿದ್ದು ಆವಾಗಲೇ. ಕಾರ್ಡು ಒಂದೇ ಇದ್ದುದರಿಂದ ಒಂದು ಸಲಕ್ಕೆ ಒಂದೇ ಕಾಲುಚೀಲ. ಎರಡಿದ್ದಿದ್ದರೆ ಜೊತೆ ಪೂರ್ತಿ ಒಣಗುತ್ತಿತ್ತು. ಜೋಡಿ ಕಾರ್ಡಿನ ಪರವಾಗಿ ನಮ್ಮ ಮನೆಯಲ್ಲಿ ಮಂಡನೆಯಾದ ಏಕೈಕ ಗಟ್ಟಿ ವಾದ ಅದು.

ಇನ್ನೊಂದು ಸಂಗತಿಯನ್ನು ಅಳಿಯ ಹೇಳದೆ ಇರಬಹುದಿತ್ತು. 2011ರ ಸುಮಾರಿಗೆ ಬಿಟ್‌ಕಾಯಿನ್ ಅಗೆಯುವವರಿಗೆ ರೇಡಿಯಾನ್ 5000 ಸರಣಿ ಎಂದರೆ ಪ್ರಾಣವಂತೆ. ಮನೆಯಲ್ಲಿ ಇದೇ ಕಾರ್ಡು ಹಾಕಿಕೊಂಡು ಅಗೆದವರೂ ಇದ್ದರಂತೆ. ಬಿಟ್‌ಕಾಯಿನ್ನಿನ ಈಗಿನ ಬೆಲೆಯನ್ನು ಅವನು ಮೊಬೈಲಿನಲ್ಲಿ ತೆಗೆದು ತೋರಿಸಿದ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಅಳಿಯನ ತೀರ್ಪು ಬಂತು. ‘ಜೋಡಿ ಬೇಡ ಮಾವ. 2014ರಲ್ಲಿ ಬಂದ ಜಿಟಿಎಕ್ಸ್ 750 ಟಿಐ ಅಂತ ಇದೆ. ಅರವತ್ತೇ ವ್ಯಾಟು. ಬೇರೆ ವೈರೂ ಬೇಡ, ಸ್ಲಾಟಿನ ಕರೆಂಟೇ ಸಾಕು. ನಿಮ್ಮ ಎರಡು ಮಾಡೋ ಕೆಲಸಾನ ಅದು ಹೆಚ್ಚುಕಡಿಮೆ ಒಂದೇ ಮಾಡ್ತದೆ. ಉಳಿದ ದುಡ್ಡಿಗೆ ಒಳ್ಳೆ ಎಸ್‌ಎಂಪಿಎಸ್ ಹಾಕ್ಸಿ.’ ಒಂದು ಮಾತೂ ತೆಗೆದು ಹಾಕುವಂತಿರಲಿಲ್ಲ. ಹಳೇ ಯಂತ್ರ ಇಟ್ಟುಕೊಂಡವರು ಯಾರು ನನ್ನ ಅಂಗಡಿಗೆ ಬಂದು ಕೇಳಿದರೂ ನಾನು ಈಗ ಇದನ್ನೇ ಹೇಳುತ್ತೇನೆ. ಒಂದೇ ಕಾರ್ಡು ಹಾಕಿ, 75 ವ್ಯಾಟು ದಾಟದ್ದು ನೋಡಿ, ಮೊದಲು ಎಸ್‌ಎಂಪಿಎಸ್ ಬದಲಿಸಿ. ಗಣಿಗಾರಿಕೆಯಲ್ಲಿ ಹಗಲೂ ರಾತ್ರಿ ದುಡಿದ ಕಾರ್ಡನ್ನು ತೊಳೆದು ಹೊಸದೆಂದು ಕೊಡುತ್ತಾರೆ, ಫ್ಯಾನನ್ನು ಬೆರಳಲ್ಲಿ ತಿರುಗಿಸಿ ನೋಡಿ ಕೊಳ್ಳಿ.

ಇದು ಬೇರೆಯವರಿಗೆ ಹೇಳುವ ಮಾತು. ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಯಾರ ಅಟ್ಟದ ಮೇಲಾದರೂ ರೇಡಿಯಾನ್ ಎಚ್‌ಡಿ 5770, 1 ಜಿಬಿಯದ್ದು, ಸುಮ್ಮನೆ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ರಿಪ್ಪನ್‌ಪೇಟೆಗೆ ಬರುವ ಯಾವ ಬಸ್ಸಿನಲ್ಲಾದರೂ ಕೊಟ್ಟು ಕಳಿಸಿ. ಪಟ್ಟಿ ನನ್ನ ಹತ್ತಿರ ಇದೆ, ಬಸ್ ಚಾರ್ಜೂ ನನ್ನದೇ.