ಚದುರಿದ ಐದು ಗುಂಡುಗಳು

ಸೋಲೂರಿನಲ್ಲಿ ಅಧ್ಯಾಪಕನಾಗಿದ್ದಾಗ ಎನ್.ಸಿ.ಸಿ.ಯ ಹೊಣೆಯೂ ನನ್ನದಾಗಿತ್ತು. ಒಂದು ಶಿಬಿರದಲ್ಲಿ ಹುಡುಗನೊಬ್ಬ 0.22 ಬೋಲ್ಟ್ ರೈಫಲ್ಲಿನಿಂದ 25 ಮೀಟರ್ ದೂರದ ಗುರಿಗೆ ಹೊಡೆದ ಐದು ಗುಂಡುಗಳೂ ಐದು ದಿಕ್ಕಿಗೆ ಚದುರಿದವು. "ಉಸಿರು ಹಿಡಿಯಲೂ ಬಾರದೇ?" ಎಂದು ಎಲ್ಲರೆದುರು ಗದರಿದೆ. ಅವನು ತಲೆ ತಗ್ಗಿಸಿ ಹೋದ.

ಮುಂದಿನವನ ಗುಂಡುಗಳೂ ಚದುರಿದಾಗ ನನಗೆ ಶಂಕೆ ಮೂಡಿತು. ಗುಂಡುಗಳು ಒತ್ತಾಗಿ ಬಿದ್ದು ಗುರಿಯಿಂದ ಪಕ್ಕಕ್ಕೆ ಸರಿದಿದ್ದರೆ ದೋಷ ಸಾಮಾನ್ಯವಾಗಿ ಗುರಿಕಣ್ಣಿನದು. ಅದನ್ನು ತಿದ್ದಿದರೆ ಸಾಕು. ಚದುರಿದರೆ ಹೊಡೆಯುವವನನ್ನೂ ಕೋವಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮರಳುಚೀಲದ ಮೇಲಿರಿಸಿ ನಾನೇ ಹೊಡೆದೆ, ನನ್ನವೂ ಚದುರಿದವು. ಕೋವಿಯನ್ನು ಬರಿದು ಮಾಡಿ ನೋಡಿದರೆ, ಲೋಹದ ಭಾಗವನ್ನು ಮರದ ಹಿಡಿಗೆ ಬಿಗಿಯುವ ತಿರುಪು ಸಡಿಲಾಗಿತ್ತು. ಪ್ರತಿ ಹೊಡೆತಕ್ಕೂ ನಳಿಗೆ ಕೂದಲೆಳೆಯಷ್ಟು ಜರುಗುತ್ತಿತ್ತು. ಅದನ್ನು ಬಿಗಿಸಿದ ಮೇಲೆ ಗುಂಡುಗಳು ಎರಡಂಗುಲದೊಳಗೆ ಕೂಡಿ ಬಿದ್ದವು.

ತಿರುಪನ್ನು ಸರಿಪಡಿಸಿದೆ, ಹುಡುಗನ ಬಳಿ ತಪ್ಪೊಪ್ಪಿಕೊಳ್ಳಲಿಲ್ಲ. ಮೇಷ್ಟರೆಂಬ ಅಹಂಕಾರ ಅಡ್ಡ ಬಂತು. ಮುಂದೆ, ಅಂಕ ಕಡಿಮೆಯಾದವರನ್ನು ಗದರುವ ಮುನ್ನ ನನ್ನ ಪ್ರಶ್ನೆಪತ್ರಿಕೆಯನ್ನೊಮ್ಮೆ ಓದಿಕೊಳ್ಳುವುದನ್ನು ರೂಢಿಸಿಕೊಂಡೆ. ಅವನು ಇದನ್ನು ಓದುತ್ತಿದ್ದರೆ, ತಡವಾಗಿಯಾದರೂ ನನ್ನನ್ನು ಕ್ಷಮಿಸಲಿ.