ಹಾಯಿದೋಣಿಗೊಂದು ಕಕ್ಕಸು

ವಾರ್ಷಿಕ ಸಂಚಿಕೆಗೆ ಕಕ್ಕಸಿನ ವಿಷಯವೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ತಕಳಿ ಶಿವಶಂಕರ ಪಿಳ್ಳೆಯವರು 1947ರಷ್ಟು ಹಿಂದೆಯೇ ‘ತೋಟ್ಟಿಯುಡೆ ಮಗನ್’ ಕಾದಂಬರಿಯಲ್ಲಿ ಆಲಪ್ಪುಳದ ಮಲ ಹೊರುವವರ ಮೂರು ತಲೆಮಾರಿನ ಕತೆ ಹೇಳಿದ್ದಾರೆ. ನನ್ನದು ಅಷ್ಟು ದೊಡ್ಡ ಸಂಗತಿಯಲ್ಲ. ಅಮೆರಿಕದ ಸಿಯಾಟಲಿನಲ್ಲಿರುವ ನನ್ನ ತಮ್ಮ 25 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡ. ಅದಕ್ಕೆ ಎಂಥ ಕಕ್ಕಸು ಇಡಿಸಬೇಕೆಂಬ ಪ್ರಶ್ನೆ ಕಾಸರಗೋಡಿನ ಬ್ಯಾಂಕಿನ ಕೌಂಟರಿನಲ್ಲಿ ಕೂತ ನನ್ನ ತನಕ ಬಂತು. “ಅಣ್ಣಾ, ಲೆಕ್ಕ ಬರುವವ ನೀನು” ಎಂಬುದು ಅವನ ಸಮರ್ಥನೆ.

ಅವಸರಕ್ಕೆ ಕಾರಣ ಅಮ್ಮ. ಆರು ತಿಂಗಳಿಗೆಂದು ಅವನಲ್ಲಿಗೆ ಹೋಗಿದ್ದರು. ಪ್ರಾಯ 72, ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಏಳಲೇಬೇಕು. “ದೋಣಿ ಚಂದ ಉಂಟು. ಒಂದಕ್ಕೆ ಹೋಗುವುದೆಲ್ಲಿ?” ಎಂದು ಕೇಳಿ ದಡದ ಬೆಂಚಿನಲ್ಲೇ ಕೂತುಬಿಟ್ಟರು. ಮೂರು ಭಾನುವಾರ ಹೀಗೆಯೇ ಕಳೆಯಿತು.

ಹಿಂದಿನ ಮಾಲಕನ ಕಾಲದ ಕಕ್ಕಸು ನೇರವಾಗಿ ನೀರಿಗೇ ಬಿಡುವಂಥದು. ಅದು ಈಗ ನಡೆಯದು. ಆ ದೇಶದಲ್ಲಿ ಕರೆಯಿಂದ 3 ನಾಟಿಕಲ್ ಮೈಲಿಯೊಳಗೆ ಶುದ್ಧೀಕರಿಸದ ಮಲವನ್ನು ಬಿಡುವಂತಿಲ್ಲ. ಸಿಯಾಟಲಿನ ಮುಂದಿರುವ ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿನಲ್ಲಂತೂ 2018ರ ಮೇ 10ರಿಂದ ದೋಣಿಯೊಳಗೆ ಶುದ್ಧೀಕರಿಸಿದ್ದನ್ನೂ ಬಿಡುವಂತಿಲ್ಲ. ಅಲ್ಲಿ ಆಯ್‌ಸ್ಟರ್ ಎಂಬ ಚಿಪ್ಪುಜೀವಿಯನ್ನು ಬೆಳೆಸುತ್ತಾರೆ. ಅದು ನೀರನ್ನು ಸೋಸಿ ತಿನ್ನುತ್ತದೆ. ನೀರಿನ ರೋಗಾಣು ಅದರ ಮೈಯಲ್ಲಿ ಸೇರಿ ತಿಂದವರ ಹೊಟ್ಟೆಗೆ ಹೋಗುತ್ತದೆ. ಪಡನ್ನದ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಕಲ್ಲುಮ್ಮಕಾಯ ಬೆಳೆಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಟ್ಟಪ್ಪುರದಲ್ಲಿ ಹೌಸ್‌ಬೋಟ್ ಹತ್ತುವಾಗ ನಾವು ಬಾಡಿಗೆ ಕೇಳುತ್ತೇವೆ, ಊಟಕ್ಕೆ ಯಾವ ಮೀನು ಎಂದು ಕೇಳುತ್ತೇವೆ. ಟ್ಯಾಂಕು ಎಲ್ಲಿ ಖಾಲಿಯಾಗುತ್ತದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ತಮ್ಮನ ಹೆಂಡತಿಗೆ ಮೆಚ್ಚಿಕೆಯಾದದ್ದು ದೋಣಿಯೊಳಗೇ ಕೂರಿಸುವ ಟ್ಯಾಂಕು. ಕೈಪಂಪು ಒತ್ತಿದರೆ ಎಲ್ಲವೂ ದಪ್ಪ ಕೊಳವೆಯಲ್ಲಿ ಟ್ಯಾಂಕಿಗೆ ಹೋಗುತ್ತದೆ. ದಡಕ್ಕೆ ಬಂದ ಮೇಲೆ ಮೇಲ್ಹಲಗೆಯ ಮುಚ್ಚಳ ತೆಗೆದು ಯಂತ್ರದ ಕೊಳವೆ ಸಿಕ್ಕಿಸಿದರಾಯಿತು, ಅದು ಹೀರಿಕೊಳ್ಳುತ್ತದೆ. ಇಂಥ ಕೇಂದ್ರಗಳಿಗೆ 1992ರ ಒಂದು ಕಾನೂನಿನ ಮೂಲಕ ಅಲ್ಲಿನ ಸರಕಾರದ ಧನಸಹಾಯವೂ ಉಂಟು. ನಾನು ಲೆಡ್ಜರಿನ ಅಭ್ಯಾಸದಿಂದ ಲೆಕ್ಕ ಹಾಕಿದೆ: 4 ಜನ, ದಿನಕ್ಕೆ ತಲಾ 5 ಸಲ, ಪ್ರತಿ ಸಲಕ್ಕೆ ನೀರು ಸೇರಿ 2 ಲೀಟರ್; ಒಟ್ಟು 40. ಮುಂಭಾಗದ ಹಾಸಿಗೆಯ ಅಡಿಯಲ್ಲಿ ಹಿಡಿಸುವುದು 60 ಲೀಟರಿನ ಟ್ಯಾಂಕು. ಒಂದೂವರೆ ದಿನಕ್ಕೆ ಖಾತೆ ಭರ್ತಿ. ಅಷ್ಟೇ ಕಿಲೋ ಭಾರ ಮೂತಿಯಲ್ಲಿ ಕೂತರೆ ಸಣ್ಣ ದೋಣಿ ತಲೆ ತಗ್ಗಿಸುತ್ತದೆ. ವಾಸನೆಯ ಸಂಗತಿ ಬೇರೆ. ಗೋಬರ್ ಗ್ಯಾಸಿನ ಗುಂಡಿಗೆ ಗಾಳಿ ಹೋಗಬಾರದು, ದೋಣಿಯ ಟ್ಯಾಂಕಿಗೆ ಹೋಗಬೇಕು. ಗಾಳಿಕೊಳವೆ ಸಪೂರವಾದರೆ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯ ಹೆಚ್ಚಿ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಮಲದ ಕೊಳವೆ ಅಗ್ಗದ್ದಾದರೆ ಅದರ ಮೈಯಿಂದಲೇ ವಾಸನೆ ಹೊರಗೆ ಜಿನುಗುತ್ತದೆ.

ಗೊಬ್ಬರವಾಗಿಸುವ ಕಕ್ಕಸೂ ಉಂಟು. ಮಲವನ್ನೂ ಮೂತ್ರವನ್ನೂ ಬೇರೆ ಬೇರೆ ಇಟ್ಟು, ಮಲಕ್ಕೆ ತೆಂಗಿನ ನಾರಿನ ಹುಡಿ ಬೆರೆಸುತ್ತಾರೆ. ಅದೇ, ಮಲಯಾಳದ ಚಕಿರಿಚ್ಚೋರ್! ನಮ್ಮಲ್ಲಿ ಸಿಪ್ಪೆಯೊಡನೆ ರಾಶಿ ಬಿದ್ದಿರುವುದನ್ನು ಅಲ್ಲಿ ಇಟ್ಟಿಗೆಯಂತೆ ಒತ್ತಿ ಮಾರುತ್ತಾರೆಂದು ಕೇಳಿ ಅಮ್ಮ ನಕ್ಕರು. ಆದರೆ ಮೂತ್ರದ ಬಾಟಲಿಯನ್ನೂ ದಡಕ್ಕೇ ತಂದು ಖಾಲಿ ಮಾಡಬೇಕು. ಅಮ್ಮನ ಸಕ್ಕರೆ ಕಾಯಿಲೆಗೆ ಆ ಬಾಟಲಿ ಯಾವ ಮೂಲೆಗೂ ಸಾಲದು.

ಉಳಿದದ್ದು ಎತ್ತಿಕೊಂಡು ಹೋಗುವ ಪೆಟ್ಟಿಗೆ. ಎರಡು ಭಾಗ: ಮೇಲೆ ಶುದ್ಧ ನೀರು ಮತ್ತು ಆಸನ, ಕೆಳಗೆ ಸುಮಾರು 20 ಲೀಟರಿನ ಡಬ್ಬಿ, ನಡುವೆ ಎಳೆದು ಮುಚ್ಚುವ ಹಲಗೆ. ದೋಣಿಗೆ ತೂತು ಬೇಡ, ಕೊಳವೆ ಬೇಡ, ನೀರೂ ಸ್ವಲ್ಪ ಸಾಕು. ತುಂಬಿದ ಮೇಲೆ ಕೆಳಗಿನ ಡಬ್ಬಿಯನ್ನು ಬೇರ್ಪಡಿಸಿ ದಡಕ್ಕೆ ಒಯ್ದು ಅದಕ್ಕೆಂದೇ ಇರುವ ಜಾಗದಲ್ಲಿ ಸುರಿಯಬೇಕು. 20 ಕಿಲೋದ ಮೇಲೆ ಭಾರ.

“ಯಾರು ಹೊರುವುದು?” ಎಂದು ಅವಳು ಕೇಳಿದಳು. ಅಲ್ಲಿಗೆ ಫೋನಿನಲ್ಲಿ ಮಾತು ನಿಂತಿತು.

ನಮ್ಮ ಬಾಲ್ಯದಲ್ಲಿ ಮನೆಯ ಕಕ್ಕಸಿನ ಗುಂಡಿ ತುಂಬಿದಾಗ ಇಬ್ಬರು ಬಂದಿದ್ದರು. ತೋಟದ ಹಿಂದಿನಿಂದ ಬಂದು ಅದೇ ದಾರಿಯಲ್ಲಿ ಹೋದರು. ಅಜ್ಜಿ ನಮ್ಮನ್ನು ಒಳಗೆ ಕೂರಿಸಿ ಬಾಗಿಲು ಹಾಕಿದ್ದರಿಂದ ಮುಖ ನೋಡಲಾಗಲಿಲ್ಲ. ಹೆಸರನ್ನು ಯಾರೂ ಹೇಳಲಿಲ್ಲ. ಕರ್ನಾಟಕದಲ್ಲಿ 1970ರ ದಶಕದಲ್ಲೇ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದರು. ದೇಶಕ್ಕೆ 1993ರಲ್ಲೊಂದು, 2013ರಲ್ಲಿ ಮತ್ತೊಂದು ಕಾನೂನು ಬಂತು. ಎರಡು ಸಲ ಮಾಡಬೇಕಾಯಿತೆಂದರೆ ಮೊದಲನೆಯದರ ಗತಿ ಏನಾಯಿತೆಂದು ತಿಳಿಯುತ್ತದೆ.

ತಮ್ಮನಿಗೆ ನಾನು ಪೆಟ್ಟಿಗೆಯನ್ನೇ ಹೇಳಿದೆ. ವಾರಗಟ್ಟಲೆ ನೀರಿನಲ್ಲಿರುವವರಿಗೆ ಟ್ಯಾಂಕು ಸರಿ. ಭಾನುವಾರದ ಸವಾರಿಗೆ, ನಾಲ್ಕು ಜನರಿಗೆ ಇಷ್ಟು ಸಾಕು. “ಹೊರುವವ ನೀನೇ” ಎಂದೂ ಹೇಳಿದೆ. “ಮತ್ತೆ ಯಾರು?” ಎಂದ.

ನಾಲ್ಕನೆಯ ಭಾನುವಾರ ಅಮ್ಮ ದೋಣಿ ಹತ್ತಿದರು. ಸಂಜೆ ಫೋನಿನಲ್ಲಿ ಹಾಯಿಯ ಸುದ್ದಿಯಿಲ್ಲ, ದೂರದ ಹಿಮದ ಬೆಟ್ಟದ ಸುದ್ದಿಯಿಲ್ಲ. “ಅವ ಅದನ್ನು ಕೈಯಲ್ಲಿ ಹಿಡಿದುಕೊಂಡು ಅಷ್ಟು ಜನರ ಎದುರು ನಡೆದ ಮಾರಾಯ. ಒಬ್ಬರೂ ತಿರುಗಿ ನೋಡಲಿಲ್ಲ. ಊರಲ್ಲಿ ಹೇಳಬೇಡ” ಎಂದರು.

ಆಮೇಲೆ ಈ ಬರಹವನ್ನು ಫೋನಿನಲ್ಲೇ ಓದಿ ಹೇಳಿ ಒಪ್ಪಿಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬರೆಯುವುದಾದರೆ ಬರಿ, ಅವನ ಹೆಸರು ಹಾಕಬೇಡ. ಮುಚ್ಚಳ ಬಿಗಿ ಇತ್ತು, ಒಂದು ತೊಟ್ಟೂ ಚೆಲ್ಲಲಿಲ್ಲ ಅಂತಲೂ ಬರಿ.”