ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು?

ಹೋದ ವಾರ ಆಫೀಸಲ್ಲಿ ಒಂದು ಡ್ಯಾಶ್‌ಬೋರ್ಡ್ ಟೆಸ್ಟ್ ಮಾಡಬೇಕಿತ್ತು. ದೇಶ, ವರ್ಷ, ಅಂಕಿ ಇರುವ ಯಾವ ಡೇಟಾ ಆದರೂ ಸಾಕಿತ್ತು, ಯುನೆಸ್ಕೋದವರ ಶಿಕ್ಷಣದ ಅಂಕಿ-ಅಂಶ ಇಳಿಸಿಕೊಂಡೆ. ಅದರಲ್ಲೊಂದು ಸೂಚಕ, ಪ್ರೌಢಶಾಲೆಗಳಲ್ಲಿ ತರಬೇತಿ ಪಡೆದ ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು ಅನ್ನೋದು. ಸಣ್ಣ ದೇಶ ಯಾವುದಾದ್ರೂ ಆರಿಸೋಣ ಅಂತ ಭೂತಾನ್ ಒತ್ತಿದೆ. ಅಷ್ಟೇ.. ಟೆಸ್ಟಿಂಗ್ ಅಲ್ಲೇ ನಿಂತುಹೋಯ್ತು.

ಭೂತಾನೇ ಯಾಕೆ ಅಂದ್ರೆ, ಎರಡು ವರ್ಷದ ಹಿಂದೆ ಗೆಳೆಯರೆಲ್ಲ ಸೇರಿ ಹೋಗಿದ್ವಿ. ಫುಂಟ್‌ಶೋಲಿಂಗ್‌ನಿಂದ ಥಿಂಫುವಿಗೆ ಹತ್ತುವ ದಾರಿಯಲ್ಲಿ ನಮ್ಮ ಮಾತು ಕಿವಿಗೆ ಬಿದ್ದು ಡ್ರೈವರ್ ಹಿಂದಿಯಲ್ಲಿ ಕೇಳಿದ್ರು, "ನೀವು ಕೇರಳದವರಾ?" ಅಲ್ಲ, ಪಕ್ಕದ ರಾಜ್ಯ ಅಂದೆ. "ನಮ್ಮ ಮ್ಯಾಥ್ಸ್ ಸರ್ ಕೇರಳದವರು. ಬೆತ್ತ ಹಿಡ್ಕೊಂಡೇ ಕ್ಲಾಸಿಗೆ ಬರೋರು. ಆದ್ರೆ ಆಲ್ಜೀಬ್ರಾ ಇನ್ನೂ ಮರೆತಿಲ್ಲ ನೋಡಿ!"

ಅವರಿಗೆ ನಲವತ್ತು ದಾಟಿರಬಹುದು. ಆ ತಲೆಮಾರಿನ ಭೂತಾನೀಯರಲ್ಲಿ ಯಾರನ್ನು ಕೇಳಿದ್ರೂ ಒಬ್ಬ ಭಾರತದ ಮೇಷ್ಟ್ರು ಸಿಕ್ಕೇ ಸಿಗ್ತಾರೆ. 1961ರಲ್ಲಿ ಅವರ ಮೊದಲ ಪಂಚವಾರ್ಷಿಕ ಯೋಜನೆ ಶುರುವಾದಾಗ ಇಡೀ ದೇಶದಲ್ಲಿ ಹೊಸ ರೀತಿಯ ಶಾಲೆಗಳಿದ್ದದ್ದು ಹನ್ನೊಂದು, ಮಕ್ಕಳು ಸುಮಾರು 400. ಮೊದಲು ಹಿಂದಿಯಲ್ಲಿ ಪಾಠ, ಆಮೇಲೆ ಇಂಗ್ಲಿಷಿಗೆ ಬದಲಾಯಿತು. ಪುಸ್ತಕವೂ ಭಾರತದ್ದೇ, ಮೇಷ್ಟ್ರೂ ಭಾರತದವರೇ. 1963ರಲ್ಲಿ ಕೆನಡಾದ ಜೆಸ್ಯೂಟ್ ಪಾದ್ರಿ ವಿಲಿಯಂ ಮ್ಯಾಕಿ ಬಂದರು, ರಾಜರೇ ಕರೆಸಿಕೊಂಡದ್ದು. ಶಿಕ್ಷಕರ ತರಬೇತಿಗೆ ಅಂತ ಸಂತ್ಸೆಯಲ್ಲಿ ಸಂಸ್ಥೆ ಶುರುವಾದದ್ದು 1968ರಲ್ಲಿ, ಪಾರೋದಲ್ಲಿ 1975ರಲ್ಲಿ. ಮಕ್ಕಳಿಗೆ ಶಾಲೆ ಮೊದಲು, ಮೇಷ್ಟ್ರಿಗೆ ಶಾಲೆ ಆಮೇಲೆ.

ಈಗ ಆ ಸೂಚಕದ ವಿಷಯಕ್ಕೆ ಬರ್ತೀನಿ. ಮೇಲೆ ಮಕ್ಕಳು, ಕೆಳಗೆ ತರಬೇತಿ ಪಡೆದ ಶಿಕ್ಷಕರು, ಭಾಗಿಸಿದ್ರೆ ಮುಗೀತು ಅಂದ್ಕೊಂಡಿದ್ದೆ. ಟಿಪ್ಪಣಿ ಓದಿದ್ರೆ, "ತರಬೇತಿ" ಅಂದ್ರೆ ಆಯಾ ದೇಶ ಏನು ಬೇಕು ಅನ್ನುತ್ತೋ ಅದಂತೆ! ಒಂದು ಕಡೆ ನಾಲ್ಕು ವರ್ಷದ ಬಿ.ಎಡ್., ಇನ್ನೊಂದು ಕಡೆ ಅದಕ್ಕಿಂತ ಎಷ್ಟೋ ಚಿಕ್ಕ ಕೋರ್ಸು. ಎರಡೂ ಒಂದೇ ಕಾಲಮ್ಮಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ನಮ್ಮ ಟೀಮಿನಲ್ಲಿ ಯಾರಾದ್ರೂ ಹೀಗೆ ಡೇಟಾ ಕೊಟ್ಟಿದ್ರೆ ರಿವ್ಯೂನಲ್ಲಿ ಜಗಳ ಆಗಿರೋದು :)

ಆದ್ರೂ ಈ ಕಾಲಮ್ ಯಾಕೆ ಬೇಕು ಅಂತ ಅರ್ಥ ಆಗಿದ್ದು ಅದೇ ಡ್ರೈವರ್ ಹೇಳಿದ್ದು ನೆನಪಾದಾಗ. ಅವರ ತಂಗಿ ಹೈಸ್ಕೂಲ್ ಟೀಚರ್ ಆಗಿದ್ದರಂತೆ. ಈಗ ಪರ್ತ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳೋ ಕೆಲಸ. ಭೂತಾನ್ ಸರ್ಕಾರ 2019ರಲ್ಲಿ ಸಂಬಳ ಏರಿಸಿ, ಸರ್ಕಾರಿ ನೌಕರರಲ್ಲಿ ಶಿಕ್ಷಕರನ್ನೇ ಎಲ್ಲರಿಗಿಂತ ಮೇಲೆ ಕೂರಿಸಿತ್ತು. ಕೋವಿಡ್ ಮುಗಿದು 2022ರಲ್ಲಿ ಬಾಗಿಲು ತೆರೆದದ್ದೇ ತಡ, ಜನ ಆಸ್ಟ್ರೇಲಿಯಾಕ್ಕೆ ಹೊರಟರು, ಅವರಲ್ಲಿ ಶಿಕ್ಷಕರೂ ತುಂಬಾ. ಹಾಗೆ ಹೋದವರ ಜಾಗಕ್ಕೆ ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗನನ್ನು ಕಾಂಟ್ರಾಕ್ಟ್ ಮೇಲೆ ಹಾಕಿಕೊಂಡರೆ ಮಾಮೂಲಿ ವಿದ್ಯಾರ್ಥಿ-ಶಿಕ್ಷಕ ಅನುಪಾತ ಒಂದು ಚೂರೂ ಬದಲಾಗಲ್ಲ. ತಲೆಗೆ ತಲೆ ಸರಿಹೋಯ್ತಲ್ಲ! ತರಬೇತಿ ಪಡೆದವರನ್ನು ಮಾತ್ರ ಎಣಿಸಿದಾಗಲೇ ಆ ತಂಗಿ ಇಲ್ಲದಿರೋದು ಕಾಣೋದು.

ಮೇಲಿನ ಸಂಖ್ಯೆಯ ಕತೆ ಬೇರೆ. ಅಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕಟ್-ಆಫ್ ಇತ್ತು. ಅಷ್ಟು ಬರದಿದ್ರೆ ಹನ್ನೊಂದಕ್ಕೆ ಸರ್ಕಾರಿ ಸೀಟಿಲ್ಲ. ಹಾಗೆ ಹೊರಗುಳಿದು ಮನೆಗೆ ಹೋದ ಮಕ್ಕಳು ಲೆಕ್ಕದಲ್ಲಿ ಇರಲ್ಲ, ಅನುಪಾತ ಚೆನ್ನಾಗಿ ಕಾಣುತ್ತೆ! ಕಟ್-ಆಫ್ ತೆಗೆದು ಎಲ್ಲರನ್ನೂ ಒಳಗೆ ಬಿಟ್ಟರೆ ಅದೇ ಅಂಕಿ ಹದಗೆಡುತ್ತೆ. ಒಳ್ಳೇ ಕೆಲಸಕ್ಕೆ ಕೆಟ್ಟ ಮಾರ್ಕ್ಸ್.

ಸರಾಸರಿ ಇನ್ನೂ ತಮಾಷೆ. ಲೆಕ್ಕಕ್ಕೆ ಅಂತ, ಬೆಟ್ಟದ ಮೇಲಿನ ಒಂದು ಶಾಲೆಯಲ್ಲಿ 60 ಮಕ್ಕಳು, 10 ಶಿಕ್ಷಕರು ಅಂದುಕೊಳ್ಳಿ. ಪೇಟೆ ಶಾಲೆಯಲ್ಲಿ 1000 ಮಕ್ಕಳು, 40 ಶಿಕ್ಷಕರು. ಒಟ್ಟು ಅನುಪಾತ 21 ಚಿಲ್ಲರೆ. ಆದ್ರೆ ಆ 21ನ್ನು ಕಂಡ ಮಗು ಎರಡು ಶಾಲೆಯಲ್ಲೂ ಇಲ್ಲ. ಮೇಲಿನವರಿಗೆ 6, ಕೆಳಗಿನವರಿಗೆ 25. ಹಾಗಂತ ಬೆಟ್ಟದ ಶಾಲೆಗೆ ಶಿಕ್ಷಕರು ಜಾಸ್ತಿ ಅನ್ನೋ ಹಾಗೂ ಇಲ್ಲ. ಮಕ್ಕಳು ಆರೇ ಇರಲಿ, ಅರವತ್ತೇ ಇರಲಿ, ಗಣಿತಕ್ಕೊಬ್ಬರು, ಭೌತಶಾಸ್ತ್ರಕ್ಕೊಬ್ಬರು, ಜೊಂಗ್‌ಖಾಕ್ಕೊಬ್ಬರು ಬೇಕೇ ಬೇಕು. ಪ್ರೈಮರಿಗೂ ಹೈಸ್ಕೂಲಿಗೂ ಇರೋ ವ್ಯತ್ಯಾಸ ಇದೇ.

ಇಲ್ಲಿ ನನಗೆ ನಮ್ಮೂರ ಹೈಸ್ಕೂಲು ನೆನಪಾಯ್ತು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಜೂನ್‌ನಲ್ಲೇ ಗಣಿತದ ಮೇಷ್ಟ್ರಿಗೆ ವರ್ಗ ಆಯ್ತು. ಉಳಿದ ಏಳು ಜನರೂ ಬಿ.ಎಡ್. ಮಾಡಿದವರೇ, ಮಕ್ಕಳು 140. ಅನುಪಾತ ಇಪ್ಪತ್ತು, ಯುನೆಸ್ಕೋ ಮೆಚ್ಚಬೇಕು! ಗಣಿತದ ಪೀರಿಯಡ್‌ನಲ್ಲಿ ಪಿ.ಇ. ಮೇಷ್ಟ್ರು ಬಂದು ಗೈಡ್ ನೋಡಿ ಬೋರ್ಡ್ ಮೇಲೆ ಬರೆಯೋರು, ನಾವು ಕಾಪಿ ಮಾಡೋರು. ಜನವರಿಯಲ್ಲಿ ಊರಿನ ಅಕ್ಕ ಒಬ್ಬರು ಗೌರವಧನಕ್ಕೆ ಬಂದರು. ಬಿ.ಎಸ್ಸಿ. ಆಗಿತ್ತು, ಬಿ.ಎಡ್. ಆಗಿರಲಿಲ್ಲ. ಎರಡು ತಿಂಗಳಲ್ಲಿ ಆದಷ್ಟು ಕಲಿಸಿದ್ರು, ಪಾಪ. ಈ ಕಾಲಮ್ಮಿನಲ್ಲಿ ಅವರ ಬೆಲೆ ಸೊನ್ನೆ.

ಅಪ್ಪ ನನ್ನನ್ನು ಪೇಟೆಗೆ ಟ್ಯೂಷನ್‌ಗೆ ಕಳಿಸಿದ್ರು. ನನ್ನ ಬೆಂಚಿನ ಗೆಳೆಯನಿಗೆ ಆ ಅನುಕೂಲ ಇರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಹೋದ, ಮತ್ತೆ ಕಟ್ಟಲಿಲ್ಲ. ನನಗಿಂತ ಚುರುಕಾಗಿದ್ದ, ಇದು ಸುಮ್ಮನೆ ಹೇಳೋ ಮಾತಲ್ಲ. ಇಂಜಿನಿಯರಿಂಗ್ ಸೀಟು ಸಿಕ್ಕ ದಿನ ಅವನ ಮನೆ ಮುಂದೆ ಹೋಗೋಕೆ ಸಂಕೋಚ ಆಗಿ ಕೆಳಗಿನ ದಾರಿ ಬಳಸಿ ಬಂದಿದ್ದೆ. ಈಗ ಅಡಿಕೆ ಕೊನೆ ಕೊಯ್ಯೋ ಕೆಲಸ ಹಿಡಿದು ಮಾಡಿಸ್ತಾನೆ.

ಮೊನ್ನೆ ರಾತ್ರಿ ಅವನಿಗೇ ಫೋನ್ ಮಾಡಿದೆ. ಆಗ ನಮಗೆ ಎಷ್ಟು ಜನ ಮೇಷ್ಟ್ರಿದ್ರೋ ಅಂದೆ, ಲೆಕ್ಕ ಸರಿಯಿದೆಯಾ ಅಂತ ನೋಡೋಕೆ. ಒಬ್ಬೊಬ್ಬರ ಹೆಸರೂ ಹೇಳಿ ಏಳು ಎಣಿಸಿದ. ಅವನ ಅಣ್ಣನ ಮಗಳು ಈ ವರ್ಷ ಅದೇ ಸ್ಕೂಲಲ್ಲಿ ಒಂಬತ್ತನೇ ಕ್ಲಾಸಂತೆ. "ಗಣಿತಕ್ಕೆ ಇದಾರೇನೋ ಈಗ?" ಅಂತ ಕೇಳಿದೆ.

"ಗಣಿತಕ್ಕೆ ಬಂದಿದಾರೆ ಮಾರಾಯ" ಅಂದ. "ವಿಜ್ಞಾನಕ್ಕೆ ಇಲ್ಲ."